ಮಕ್ಕಳ ಹೆಸರಿನಲ್ಲಿ ಉಳಿದ ಋಣ: ಗೃಹಸ್ಥ ರನ್ನ

ಮನೆಯನ್ನು ತೊರೆದು ಹೊರಟವನು ಅನಗಾರ. ಮನೆಯೊಳಗಿದ್ದೇ ವ್ರತ ಹಿಡಿದವನು ಸಾಗಾರ. ಜಿನಶಾಸನವು ಈ ಇಬ್ಬರಿಗೂ ದಾರಿ ತೋರಿದೆ. ಅನಗಾರನಿಗೆ ಮಹಾವ್ರತಗಳು, ಸಾಗಾರನಿಗೆ ಅಣುವ್ರತಗಳು. ಹೆಸರಿನಲ್ಲಿ ಅಣು ಎಂದಿರುವುದರಿಂದ ಸಾಗಾರನ ಹಾದಿ ಹಗುರವಾದುದೆಂದು ಭಾವಿಸುವವರುಂಟು. ಮುನಿಗೆ ಬಂಧುಗಳಿಲ್ಲ, ಒಡೆಯನಿಲ್ಲ, ನಾಳಿನ ಚಿಂತೆಯಿಲ್ಲ. ಗೃಹಸ್ಥನಿಗೆ ಇವೆಲ್ಲವೂ ಇವೆ. ಮಡದಿ ಮಕ್ಕಳ ಮೇಲಿನ ಅಕ್ಕರೆಯನ್ನು ಕಳೆದುಕೊಳ್ಳದೆ, ಅನ್ನ ಕೊಡುವ ಕಾಯಕವನ್ನು ಬಿಡದೆ, ಜಿನಪಾದದಲ್ಲಿಟ್ಟ ನಂಬಿಕೆಯನ್ನು ಸಡಿಲಿಸದೆ ಬಾಳುವುದು ಎಷ್ಟು ಕಠಿನವೆಂಬುದನ್ನು ಬಾಳಿದವರೇ ಬಲ್ಲರು. ಹಾಗೆ ಬಾಳಿದ ತಂದೆಯೊಬ್ಬನನ್ನು ಕನ್ನಡಿಗರು ಸಾವಿರ ವರ್ಷಗಳಿಂದ ಬಲ್ಲರು. ಆದರೆ ಕವಿಯೆಂದು ಬಲ್ಲರೇ ಹೊರತು ತಂದೆಯೆಂದಲ್ಲ. ಅವನು ರನ್ನ.

ಪಂಪ, ಪೊನ್ನ, ರನ್ನ ಎಂಬ ಮೂವರನ್ನು ರತ್ನತ್ರಯರೆಂದು ಕರೆಯುವುದು ರೂಢಿ. ಸಮ್ಯಗ್ದರ್ಶನ, ಸಮ್ಯಗ್‌ಜ್ಞಾನ, ಸಮ್ಯಕ್‌ಚಾರಿತ್ರಗಳೆಂಬ ಮೂರು ರತ್ನಗಳನ್ನು ನೆನಪಿಸುವ ಈ ಮಾತಿಗೆ ಮೂಲ ರನ್ನನ ಕಾವ್ಯದಲ್ಲಿಯೇ ಇದೆ. ತನ್ನನ್ನು ಕುರಿತು ಅವನಿಗೆ ಸಂಕೋಚವಿರಲಿಲ್ಲ. ತನ್ನ ಕಾವ್ಯದ ಬೆಲೆಯನ್ನು ಅಳೆಯಬಲ್ಲವರು ಯಾರೆಂದು ಗಟ್ಟಿದನಿಯಲ್ಲಿ ಕೇಳಿದ ಕವಿ ಅವನು. ಆ ಗರ್ವದ ಮಾತುಗಳನ್ನೇ ಜನ ಹೆಚ್ಚಾಗಿ ನೆನೆಯುತ್ತಾರೆ. ಅದೇ ಕವಿ ತನ್ನ ತಂದೆ ತಾಯಿಯರನ್ನೂ ಮಡದಿಯರನ್ನೂ ಮಗನನ್ನೂ ಮಗಳನ್ನೂ ಹೆಸರಿಸಿ ಕಾವ್ಯದೊಳಗೆ ಉಳಿಸಿದ್ದಾನೆಂಬುದು ಅಷ್ಟಾಗಿ ನೆನಪಾಗುವುದಿಲ್ಲ.

ರನ್ನ ಹುಟ್ಟಿದ್ದು ಸೌಮ್ಯ ಸಂವತ್ಸರದಲ್ಲಿ, ಕ್ರಿಸ್ತಶಕ 949ರಲ್ಲಿ. ಊರು ಮುದುವೊಳಲು, ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳ. ಘಟಪ್ರಭೆಯ ದಂಡೆಯ ಈ ಊರು ಆಗ ಜಂಬುಖಂಡಿ ಎಪ್ಪತ್ತರ ಎಲ್ಲೆಯೊಳಗಿತ್ತು. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಬಳೆಗಾರರ ಕುಲ. ಬಳೆಗಾರನ ಬಾಳೆಂದರೆ ಮಲಾರವನ್ನು ಹೆಗಲಿಗೇರಿಸಿ ಊರೂರು ತಿರುಗುವುದು, ಮನೆಯ ಜಗಲಿಯಲ್ಲಿ ಕುಳಿತು ಹೆಣ್ಣುಮಕ್ಕಳ ಕೈ ನೋಯದಂತೆ, ಬಳೆ ಒಡೆಯದಂತೆ ತೊಡಿಸುವುದು. ಕೊಳ್ಳುವ ಮನೆಯವರ ಸುಖದುಃಖಗಳು ಬಳೆಗಾರನಿಗೆ ತಿಳಿಯದೆ ಇರುವುದಿಲ್ಲ. ಮದುವೆಯ ಬಳೆ, ಸೀಮಂತದ ಬಳೆ, ಹಬ್ಬದ ಬಳೆ ಎಲ್ಲವೂ ಅವನ ಕೈಯಿಂದಲೇ ಹೋಗುತ್ತವೆ. ಯಾವ ಮನೆಯಲ್ಲಿ ಈ ವರ್ಷ ಬಳೆ ಬೇಡವಾಯಿತೆಂಬುದೂ ಅವನಿಗೇ ಮೊದಲು ಗೊತ್ತಾಗುತ್ತದೆ. ಅಂತಹ ಮನೆಯಲ್ಲಿ ಬೆಳೆದ ಹುಡುಗ ಮುಂದೆ ಅಗಲಿಕೆಯ ದುಃಖವನ್ನು ಹಾಡಬಲ್ಲ ಕವಿಯಾದದ್ದು ಅಚ್ಚರಿಯಲ್ಲ.

ಆದರೆ ರನ್ನ ಮಲಾರ ಹೊರಲಿಲ್ಲ. ಅವನ ಒಲವು ಓದಿನ ಕಡೆಗೆ ಹರಿಯಿತು. ಓದನ್ನು ಅರಸಿ ಅವನು ತೆಂಕಣ ದಿಕ್ಕಿಗೆ, ಗಂಗರ ನಾಡಿಗೆ ಬಂದ. ಅಲ್ಲಿ ಅವನಿಗೆ ದೊರೆತ ಗುರುಗಳು ಅಜಿತಸೇನಾಚಾರ್ಯರು. ಗಂಗರ ದೊರೆ ಮಾರಸಿಂಹ 974ರಲ್ಲಿ ಬಂಕಾಪುರದಲ್ಲಿ ಸಲ್ಲೇಖನ ವ್ರತದಿಂದ ದೇಹವಿಟ್ಟದ್ದು ಈ ಆಚಾರ್ಯರ ಸನ್ನಿಧಿಯಲ್ಲಿಯೇ. ಚಾವುಂಡರಾಯನೂ ಇವರ ಶಿಷ್ಯ. ದೊರೆ, ಮಂತ್ರಿ, ಬಳೆಗಾರನ ಮಗ ಎಲ್ಲರೂ ಒಬ್ಬರೇ ಗುರುಗಳ ಮುಂದೆ ಕುಳಿತು ಕಲಿತರೆಂಬುದು ಆ ಕಾಲದ ಜೈನ ಗುರುಕುಲದ ಹಿರಿಮೆಯನ್ನು ಹೇಳುತ್ತದೆ. ಜ್ಞಾನಾವರಣೀಯ ಕರ್ಮ ಯಾರ ಕುಲವನ್ನು ಕೇಳಿಯೂ ಅಂಟುವುದಿಲ್ಲ, ಕುಲವನ್ನು ಕೇಳಿಯೂ ಕಳಚುವುದಿಲ್ಲ.

ಗುರುಗಳು ವಿದ್ಯೆಯನ್ನು ಕೊಟ್ಟರು; ವಿದ್ಯೆ ಪಡೆಯುವ ಹುಡುಗನಿಗೆ ಆಸರೆಯನ್ನು ಕೊಟ್ಟವನು ಚಾವುಂಡರಾಯ. ಗಂಗರ ಮಂತ್ರಿ, ದಂಡನಾಯಕ, ಸಮರಪರಶುರಾಮನೆಂಬ ಬಿರುದು ಹೊತ್ತ ವೀರ, 978ರಲ್ಲಿ ತ್ರಿಷಷ್ಟಿಶಲಾಕಾಪುರುಷರ ಚರಿತೆಯನ್ನು ಕನ್ನಡ ಗದ್ಯದಲ್ಲಿ ಬರೆದ ವಿದ್ವಾಂಸ, ವಿಂಧ್ಯಗಿರಿಯ ಮೇಲೆ ಗೊಮ್ಮಟನನ್ನು ನಿಲ್ಲಿಸಿದ ಭಕ್ತ. ಅವನ ಈ ಎಲ್ಲ ಕೀರ್ತಿಯ ನಡುವೆ ದೂರದ ಊರಿನಿಂದ ಬಂದ ಬಳೆಗಾರರ ಹುಡುಗನ ಓದಿಗೆ ನೆರವಾದದ್ದು ಸಣ್ಣ ಸಂಗತಿಯಾಗಿ ಕಂಡೀತು. ಆದರೆ ಶ್ರಾವಕನಿಗೆ ಹೇಳಿದ ನಾಲ್ಕು ದಾನಗಳಲ್ಲಿ ಆಹಾರ, ಅಭಯ, ಭೈಷಜ್ಯಗಳ ಜೊತೆಗೆ ಶಾಸ್ತ್ರದಾನವೂ ಒಂದು. ಓದುವವನಿಗೆ ಓದಿನ ಅವಕಾಶವನ್ನು ಕೊಡುವುದು ಆ ದಾನದ ಜೀವಾಳ.

ಮೈಸೂರಿನ ಹೆಬ್ಬಾಳದಿಂದ ಬೆಳಗಿನ ಜಾವ ಹೊರಟು ಕಿಕ್ಕೇರಿಯ ಮಾರ್ಗವಾಗಿ ಶ್ರವಣಬೆಳಗೊಳಕ್ಕೆ ಹೋಗುವ ಯಾತ್ರಿಕರು ಬಿಸಿಲೇರುವ ಮುನ್ನ ದೊಡ್ಡಬೆಟ್ಟವನ್ನು ಹತ್ತಿ ಬಾಹುಬಲಿಯ ದರ್ಶನ ಮಾಡಿ, ಹೊತ್ತಾಯಿತೆಂದು ಹಿಂದಿರುಗುವುದೇ ಹೆಚ್ಚು. ಎದುರಿನ ಚಿಕ್ಕಬೆಟ್ಟದ ಬಂಡೆಯ ಮೇಲೆ ಕವಿರತ್ನ ಎಂಬ ಬರಹವೊಂದಿದೆ. ಅದು ರನ್ನನ ಹೆಸರೆಂದು ವಿದ್ವಾಂಸರು ಗುರುತಿಸಿದ್ದಾರೆ. ಅರಸರ ಶಾಸನಗಳಂತೆ ಅದರಲ್ಲಿ ವಂಶಾವಳಿಯಿಲ್ಲ, ದತ್ತಿಯ ವಿವರವಿಲ್ಲ, ಶಾಪವಾಕ್ಯವೂ ಇಲ್ಲ. ಬರಿಯ ಹೆಸರು.

ವಿದ್ಯೆ ಮುಗಿದ ಬಳಿಕ ರನ್ನ ತನ್ನ ನಾಡಿಗೆ ಮರಳಿದ. ಅಷ್ಟರಲ್ಲಿ ಆ ನಾಡಿನ ಒಡೆತನ ಬದಲಾಗಿತ್ತು. ಅವನು ಹುಟ್ಟಿದಾಗ ಸಿಂಹಾಸನದಲ್ಲಿದ್ದವರು ರಾಷ್ಟ್ರಕೂಟರು. 973ರಲ್ಲಿ ಚಾಲುಕ್ಯ ವಂಶದ ತೈಲಪ ಅವರನ್ನು ಕೆಡವಿ ತನ್ನ ಮನೆತನದ ರಾಜ್ಯವನ್ನು ಮತ್ತೆ ಕಟ್ಟಿದ್ದ. ಗಂಗರು ರಾಷ್ಟ್ರಕೂಟರ ನಂಟರು, ಅವರ ಪಕ್ಷದಲ್ಲಿ ನಿಂತು ಹೋರಾಡಿದವರು. ರಾಷ್ಟ್ರಕೂಟರ ಕೊನೆಯ ಕುಡಿ ಇಂದ್ರರಾಜ 982ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನದಿಂದ ದೇಹ ತೊರೆದ. ಗಂಗರ ನಾಡಿನಲ್ಲಿ ಓದಿ ಗಂಗರ ಮಂತ್ರಿಯ ಆಶ್ರಯದಲ್ಲಿ ಬೆಳೆದ ರನ್ನ ಈಗ ಸೇರಿದ್ದು ತೈಲಪನ ಆಸ್ಥಾನವನ್ನು. ಹೊಟ್ಟೆಪಾಡಿನ ಕಾಯಕವು ಮನುಷ್ಯನನ್ನು ಹೀಗೆ ಎಷ್ಟೋ ಬಾರಿ ಎರಡು ಪಕ್ಷಗಳ ನಡುವೆ ನಿಲ್ಲಿಸುತ್ತದೆ. ಹೊಸ ಒಡೆಯನ ಮುಂದೆ ಹಳೆಯ ಆಶ್ರಯದಾತನ ಹೆಸರನ್ನು ಎತ್ತದಿರುವುದೇ ಜಾಣತನವೆಂದು ಲೋಕ ತಿಳಿಯುತ್ತದೆ.

ರನ್ನ ಆ ಜಾಣತನವನ್ನು ಕಲಿಯಲಿಲ್ಲ. ಅವನಿಗೆ ಜಕ್ಕಿ, ಶಾಂತಿ ಎಂಬ ಇಬ್ಬರು ಮಡದಿಯರು. ಒಬ್ಬ ಮಗ, ಒಬ್ಬಳು ಮಗಳು. ಮಗನಿಗೆ ಅವನಿಟ್ಟ ಹೆಸರು ರಾಯ. ಚಾವುಂಡರಾಯನ ನೆನಪಿಗೆ ಇಟ್ಟ ಹೆಸರು. ಮಗಳಿಗಿಟ್ಟ ಹೆಸರು ಅತ್ತಿಮಬ್ಬೆ. ಅದು ದಾನಚಿಂತಾಮಣಿ ಅತ್ತಿಮಬ್ಬೆಯ ನೆನಪಿಗೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ, ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುವ ನಾಡಿನಲ್ಲಿ ಈ ತಂದೆ ತನ್ನ ಕುಲದ ಹಿರಿಯರ ಸ್ಥಾನದಲ್ಲಿ ತನಗೆ ನೆರವಾದವರನ್ನು ಕೂರಿಸಿದ. ಚಾಲುಕ್ಯರ ಆಸ್ಥಾನಕವಿಯ ಮನೆಯಲ್ಲಿ ಗಂಗರ ಮಂತ್ರಿಯ ಹೆಸರು ಹೊತ್ತ ಮಗು ಆಡುತ್ತಿತ್ತು. ಮಕ್ಕಳನ್ನು ದಿನಕ್ಕೆ ಎಷ್ಟು ಬಾರಿ ಕರೆಯುತ್ತೇವೆಂಬುದನ್ನು ಯಾರೂ ಎಣಿಸುವುದಿಲ್ಲ. ಉಣ್ಣಲು ಕರೆದಾಗ, ಗದರಿದಾಗ, ಮುದ್ದಿಸಿದಾಗ, ರನ್ನನ ನಾಲಗೆಯಲ್ಲಿ ಆ ಎರಡು ಹೆಸರುಗಳು ಬಂದವು. ಜೀವಗಳು ಒಂದಕ್ಕೊಂದು ನೆರವಾಗುವುದೇ ಜೀವದ ಸ್ವಭಾವವೆಂದು ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಹೇಳಿದ ಮಾತು ಅವನ ಮನೆಯಲ್ಲಿ ಹೀಗೆ ಬಳಕೆಗೆ ಬಂದಿತ್ತು.

ಮಗಳಿಗೆ ಹೆಸರು ಕೊಟ್ಟ ಆ ಮಹಾತಾಯಿ ಯಾರೆಂದು ತಿಳಿಯದೆ ರನ್ನನ ಬಾಳು ಪೂರ್ತಿಯಾಗಿ ತಿಳಿಯುವುದಿಲ್ಲ. ಅತ್ತಿಮಬ್ಬೆ ವೆಂಗಿನಾಡಿನ ಮೂಲದ ಮಲ್ಲಪಯ್ಯನ ಮಗಳು. ಮಲ್ಲಪಯ್ಯನೂ ಅವನ ತಮ್ಮ ಪುನ್ನಮಯ್ಯನೂ ತಮ್ಮ ಗುರು ಜಿನಚಂದ್ರರ ಸ್ಮರಣೆಗಾಗಿ ಪೊನ್ನನಿಂದ ಶಾಂತಿಪುರಾಣವನ್ನು ಬರೆಸಿದವರು. ಅತ್ತಿಮಬ್ಬೆಯನ್ನೂ ಅವಳ ತಂಗಿ ಗುಂಡಮಬ್ಬೆಯನ್ನೂ ತೈಲಪನ ಮಹಾಮಂತ್ರಿ ದಲ್ಲಪನ ಮಗ ನಾಗದೇವನಿಗೆ ಕೊಟ್ಟಿದ್ದರು. ಸೇನಾನಾಯಕನಾಗಿದ್ದ ನಾಗದೇವ ಎಳೆಯ ವಯಸ್ಸಿನಲ್ಲೇ ತೀರಿಕೊಂಡ. ಗುಂಡಮಬ್ಬೆ ಅವನೊಡನೆ ಚಿತೆಯೇರಿದಳು. ಅತ್ತಿಮಬ್ಬೆ ಏರಲಿಲ್ಲ. ಅವಳ ಮಡಿಲಲ್ಲಿ ಅಣ್ಣಿಗದೇವನೆಂಬ ಮಗನಿದ್ದ. ಬೆಂಕಿಗೆ ಬೀಳುವುದನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಲೋಕಮೂಢತೆಯೆಂದು ಎಣಿಸಿದ್ದಾರೆ. ಒಂದೇ ದಿನ ಪತಿಯನ್ನೂ ಒಡಹುಟ್ಟಿದವಳನ್ನೂ ಕಳೆದುಕೊಂಡ ಹೆಣ್ಣು ಆ ಮೂಢತೆಗೆ ಬೀಳದೆ ಮನೆಯಲ್ಲಿ ಉಳಿದು, ಮಗನನ್ನು ಬೆಳೆಸಿ, ವ್ರತೋಪವಾಸಗಳಿಂದ ದೇಹವನ್ನು ದಂಡಿಸಿ, ಕೈಯಲ್ಲಿದ್ದುದನ್ನೆಲ್ಲ ದಾನಕ್ಕೆ ತಿರುಗಿಸಿದಳು. ಪೊನ್ನನ ಶಾಂತಿಪುರಾಣ ಅಳಿಯದಿರಲೆಂದು ಅದರ 1,000 ಪ್ರತಿಗಳನ್ನು ಬರೆಸಿ ಹಂಚಿದಳು. ಚಿನ್ನ ಮತ್ತು ರತ್ನಗಳ 1,500 ಜಿನಬಿಂಬಗಳನ್ನು ಮಾಡಿಸಿ ಕೊಟ್ಟಳು. ಒಂದೊಂದು ಓಲೆಯನ್ನೂ ಕಂಠದಿಂದ ಕೊರೆಯಬೇಕಾಗಿದ್ದ ಕಾಲದಲ್ಲಿ 1,000 ಪ್ರತಿಯೆಂದರೆ ಎಷ್ಟು ಲಿಪಿಕಾರರ ಎಷ್ಟು ವರ್ಷಗಳ ಅನ್ನವಾಗಿದ್ದೀತು! ಗೊಮ್ಮಟನ ದರ್ಶನವಾಗುವ ತನಕ ಅನ್ನ ಮುಟ್ಟುವುದಿಲ್ಲವೆಂದು ಬೆಟ್ಟ ಹತ್ತಿ ಬಳಲಿದ ಅವಳ ಮೇಲೆ ಅಕಾಲದಲ್ಲಿ ಮಳೆ ಸುರಿದು ತಂಪೆರೆಯಿತೆಂಬ ಕಥೆಯನ್ನು ಇಂದಿಗೂ ಶ್ರಾವಕರ ಮನೆಗಳಲ್ಲಿ ಹೇಳುತ್ತಾರೆ.

ಆ ಅತ್ತಿಮಬ್ಬೆ ರನ್ನನಿಂದ ಒಂದು ತೀರ್ಥಂಕರ ಚರಿತೆಯನ್ನು ಬರೆಸಿದಳು. ಅದು 993ರಲ್ಲಿ ಮುಗಿದ ಅಜಿತಪುರಾಣ, 12 ಆಶ್ವಾಸಗಳ ಚಂಪೂಕಾವ್ಯ. ಆಗ ರನ್ನನಿಗೆ 44 ವರ್ಷ. ಗೃಹಸ್ಥನ ಬದುಕು ತುಂಬಿ ನಿಲ್ಲುವ ವಯಸ್ಸು. ಅವನು ಸಾಮಂತರಿಂದ ಮಂಡಲೇಶ್ವರರ ಕಡೆಗೆ, ಅಲ್ಲಿಂದ ಚಕ್ರವರ್ತಿಯ ಆಸ್ಥಾನಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಏರಿದ್ದ. ತೈಲಪನಿಂದ ಕವಿಚಕ್ರವರ್ತಿಯೆಂಬ ಬಿರುದು ದೊರೆತಿತ್ತು. ಅವನ ಇನ್ನೊಂದು ಮಹಾಕಾವ್ಯ ಸಾಹಸಭೀಮವಿಜಯ, ಜನರ ಬಾಯಲ್ಲಿ ಗದಾಯುದ್ಧ, ತೈಲಪನ ಮಗ ಇರಿವಬೆಡಂಗ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಬರೆದದ್ದು. ಪರಶುರಾಮಚರಿತ, ಚಕ್ರೇಶ್ವರಚರಿತ ಎಂಬ ಇನ್ನೆರಡು ಕಾವ್ಯಗಳು ಕಾಲನ ಪಾಲಾಗಿವೆ. ಪರಶುರಾಮಚರಿತವು ಸಮರಪರಶುರಾಮನಾದ ಚಾವುಂಡರಾಯನಿಗೆ ಸಂದದ್ದೆಂಬ ಊಹೆ ಸಹಜವಾದುದೇ.

ಒಂದು ಕಾವ್ಯ ಅರಸನಿಗಾಗಿ, ಒಂದು ಧರ್ಮಕ್ಕಾಗಿ. ಲೌಕಿಕ, ಆಗಮಿಕ ಎಂದು ಇವನ್ನು ಬೇರೆ ಬೇರೆ ಕಪಾಟಿನಲ್ಲಿಡುವುದು ವಿದ್ವಾಂಸರ ಪದ್ಧತಿ. ಅನ್ನಕ್ಕಾಗಿ ಬರೆದದ್ದು ಒಂದು, ಆತ್ಮಕ್ಕಾಗಿ ಬರೆದದ್ದು ಇನ್ನೊಂದು ಎಂಬಂತೆ ಆ ಮಾತು ಕೇಳಿಸುತ್ತದೆ. ಆದರೆ ಎರಡನ್ನೂ ಒಟ್ಟಿಗೆ ಓದಿದವರಿಗೆ ಎರಡರ ನಡುವಿನಲ್ಲಿಯೂ ಒಂದೇ ಚಿತ್ರ ಎದುರಾಗುತ್ತದೆ. ಅದು ಮಗನನ್ನು ಕಳೆದುಕೊಂಡ ತಂದೆಯ ಚಿತ್ರ.

ಗದಾಯುದ್ಧದ ತುಂಬ ತಂದೆಯರೇ ಇದ್ದಾರೆ. ಕುರುಕ್ಷೇತ್ರದ ಕೊನೆಯ ಹೊತ್ತು. ಮಕ್ಕಳೆಲ್ಲ ಅಳಿದು ಒಬ್ಬನೇ ಉಳಿದಿರುವಾಗ ಕುರುಡ ಧೃತರಾಷ್ಟ್ರ ಗಾಂಧಾರಿಯೊಡನೆ ಬಂದು, ಹೋದವರು ಹೋಗಲಿ, ನೀನೊಬ್ಬನಾದರೂ ಉಳಿ, ಸಂಧಿ ಮಾಡಿಕೋ ಎಂದು ದುರ್ಯೋಧನನನ್ನು ಬೇಡುತ್ತಾನೆ. ಮಗ ಒಪ್ಪುವುದಿಲ್ಲ. ಭೀಷ್ಮನನ್ನು ಕಾಣಲು ಸಂಜಯನೊಡನೆ ರಣಭೂಮಿಯ ಹೆಣಗಳ ನಡುವೆ ನಡೆಯುತ್ತಾನೆ. ಅಲ್ಲಿ ಮೊದಲು ಕಣ್ಣಿಗೆ ಬೀಳುವವನು ದ್ರೋಣ. ಮಗ ಸತ್ತನೆಂಬ ಸುಳ್ಳನ್ನು ನಂಬಿ ಬಿಲ್ಲು ಕೆಳಗಿಟ್ಟ ತಂದೆ. ಮುಂದೆ ಅಭಿಮನ್ಯು ಬಿದ್ದಿದ್ದಾನೆ. ಹಗೆಯ ಮಗನಾದರೂ ಆ ಎಳೆಯನ ಪರಾಕ್ರಮಕ್ಕೆ ದುರ್ಯೋಧನ ತಲೆಬಾಗಿ, ಅಂತಹ ಮರಣ ತನಗೂ ಬರಲೆಂದು ಹಾರೈಸುತ್ತಾನೆ. ಅದಾದ ಮೇಲೆ ಕಾಲಿಗೆ ಸಿಗುವುದು ಅವನ ಸ್ವಂತ ಮಗ ಲಕ್ಷಣಕುಮಾರನ ಹೆಣ. ಮಗ ತಂದೆಗೆ ತರ್ಪಣ ಕೊಡಬೇಕಾದ ಲೋಕದಲ್ಲಿ ತಂದೆಯೇ ಮಗನಿಗೆ ಕೊಡುವಂತಾಯಿತಲ್ಲ ಎಂದು ಆ ಛಲದ ಅರಸ ಅಲ್ಲಿ ಕುಸಿಯುತ್ತಾನೆ. ಕೆಲವೇ ಪದ್ಯಗಳ ಪ್ರಸಂಗ. ಕನ್ನಡ ಓದಿದವರಲ್ಲಿ ಅದನ್ನು ಮರೆತವರು ಕಡಿಮೆ.

ರನ್ನನ ಕಥಾನಾಯಕ ಭೀಮ. ಒಡೆಯನನ್ನು ಹೋಲಿಸಿದ್ದು ಭೀಮನಿಗೆ. ಊಳಿಗದ ಕಟ್ಟಳೆಯಂತೆ ದುರ್ಯೋಧನನನ್ನು ಕೇವಲ ಖಳನನ್ನಾಗಿ ಬರೆದಿದ್ದರೆ ಯಾರೂ ತಪ್ಪು ಹಿಡಿಯುತ್ತಿರಲಿಲ್ಲ. ಆದರೆ ಮಗನ ಹೆಣದ ಮುಂದೆ ನಿಂತ ತಂದೆಯನ್ನು ಖಳನೆಂದು ತೋರಿಸಲು ರಾಯನ ತಂದೆಗೆ ಸಾಧ್ಯವಾಗಲಿಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದ ಬಿ.ಎಂ. ಶ್ರೀಕಂಠಯ್ಯನವರು ಈ ಕಾವ್ಯವನ್ನು ಗದಾಯುದ್ಧ ನಾಟಕವಾಗಿ ಮಾರ್ಪಡಿಸಿದಾಗ ದುರ್ಯೋಧನನನ್ನು ದುರಂತನಾಯಕನನ್ನಾಗಿ ನಿಲ್ಲಿಸಲು ಸಾಧ್ಯವಾದದ್ದೂ ರನ್ನನ ಈ ಕರುಣೆಯ ಬಲದಿಂದಲೇ.

ದುರ್ಯೋಧನನ ದುಃಖ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದನ್ನು ಜೈನ ದೃಷ್ಟಿಯಿಂದ ನೋಡಬೇಕು. ಇಷ್ಟವಾದುದರ ಅಗಲಿಕೆಯಿಂದ ಮನಸ್ಸು ಅದನ್ನೇ ನೆನೆದು ಕೊರಗುವುದನ್ನು ಶಾಸ್ತ್ರವು ಆರ್ತಧ್ಯಾನದ ನಾಲ್ಕು ಬಗೆಗಳಲ್ಲಿ ಒಂದೆಂದು ಹೇಳುತ್ತದೆ. ವ್ರತವಿಲ್ಲದವರಲ್ಲಿ ಮಾತ್ರವಲ್ಲ, ಅಣುವ್ರತ ಹಿಡಿದ ಶ್ರಾವಕರಲ್ಲಿಯೂ, ಎಚ್ಚರ ತಪ್ಪಿದ ಹೊತ್ತಿನಲ್ಲಿ ಮುನಿಗಳಲ್ಲಿಯೂ ಆರ್ತಧ್ಯಾನ ತಲೆದೋರುತ್ತದೆಂದು ತತ್ತ್ವಾರ್ಥಸೂತ್ರ ಒಪ್ಪುತ್ತದೆ. ಅಳುವ ತಂದೆಯನ್ನು ಜಿನವಾಣಿ ಹೀಗಳೆಯುವುದಿಲ್ಲ. ಆದರೆ ಆರ್ತ ಅಲ್ಲಿಯೇ ನಿಲ್ಲದೆ, ಕೊಲ್ಲುವುದರಲ್ಲಿ ಸುಖ ಕಾಣುವ ರೌದ್ರಕ್ಕೆ ತಿರುಗಬಹುದು. ದುರ್ಯೋಧನನಲ್ಲಿ ಆದದ್ದು ಅದೇ. ಮಗನಿಗಾಗಿ, ತಮ್ಮನಿಗಾಗಿ, ಕರ್ಣನಿಗಾಗಿ ಸುರಿದ ಕಣ್ಣೀರು ಹಗೆಯ ಬೆಂಕಿಗೆ ತುಪ್ಪವಾಯಿತು. ಅವನು ವೈಶಂಪಾಯನ ಸರೋವರದ ತಣ್ಣೀರಿನೊಳಗೆ ಅಡಗಿದರೂ ಬೆವರಿದವನು.

ಅಜಿತಪುರಾಣದಲ್ಲಿ ಇನ್ನೊಬ್ಬ ತಂದೆ ಬರುತ್ತಾನೆ. ಎರಡನೆಯ ತೀರ್ಥಂಕರರಾದ ಅಜಿತನಾಥರು ಸಾಕೇತಪುರದ ಜಿತಶತ್ರು ಮಹಾರಾಜನ ಮಗ. ಅವರ ಚರಿತೆಯಲ್ಲಿ ಭವಗಳ ಸರಪಳಿ ಉದ್ದವಿಲ್ಲ. ಹಿಂದಿನ ಜನ್ಮದ ವಿಮಲವಾಹನ, ಆಮೇಲೆ ದೇವಗತಿ, ಆಮೇಲೆ ತೀರ್ಥಂಕರ ಪದವಿ. ಪಂಪನ ಆದಿಪುರಾಣದ ಭವಾವಳಿಯ ವೈಭವವನ್ನು ಇಲ್ಲಿ ಅರಸುವವರಿಗೆ ಕಾವ್ಯ ಸ್ವಲ್ಪ ಸಪ್ಪೆಯೆನಿಸಿದರೂ ಎನಿಸೀತು. ಆದರೆ ಅಜಿತನಾಥರ ಕಾಲದಲ್ಲಿಯೇ ಬಾಳಿದ ಎರಡನೆಯ ಚಕ್ರವರ್ತಿ ಸಗರನ ಕಥೆಗೆ ಬಂದಾಗ ರನ್ನನ ಲೇಖನಿ ಬೇರೆಯೇ ಆಗುತ್ತದೆ.

ಸಗರನಿಗೆ 60,000 ಮಂದಿ ಮಕ್ಕಳು. ಹಿಂದಿನ ಜನ್ಮದಲ್ಲಿ ಸ್ವರ್ಗದ ಗೆಳೆಯನಾಗಿದ್ದ ಮಣಿಕೇತುವೆಂಬ ದೇವನು ಕೊಟ್ಟ ಮಾತಿನಂತೆ ಗೆಳೆಯನನ್ನು ವೈರಾಗ್ಯಕ್ಕೆ ಎಚ್ಚರಿಸಲು ಬರುತ್ತಾನೆ. ಎಷ್ಟು ಹೇಳಿದರೂ ಸಗರನಿಗೆ ಮಕ್ಕಳ ಮೇಲಿನ ಮಮತೆ ಬಿಡದು. ಆ ಮಕ್ಕಳೋ ಸುಮ್ಮನೆ ಉಂಡು ಕೂರಲಾರೆವು, ಕೆಲಸ ಹೇಳು ಎಂದು ತಂದೆಯನ್ನು ಕಾಡುತ್ತಾರೆ. ಭರತ ಚಕ್ರವರ್ತಿ ಕಟ್ಟಿಸಿದ ಕೈಲಾಸಪರ್ವತದ ಜಿನಾಲಯಗಳಿಗೆ ರಕ್ಷಣೆಯಾಗಿ ಸುತ್ತ ಕಂದಕ ತೋಡಿ ಗಂಗೆಯನ್ನು ಹರಿಸಿರೆಂದು ಸಗರ ಅವರನ್ನು ಕಳುಹಿಸುತ್ತಾನೆ. ಧರ್ಮಕಾರ್ಯಕ್ಕೆಂದೇ ಹೋದ ಮಕ್ಕಳು. ಅಲ್ಲಿ ಮಣಿಕೇತು ಘೋರಸರ್ಪದ ರೂಪ ತಾಳಿ ವಿಷಜ್ವಾಲೆಯಿಂದ ಅವರನ್ನು ಸುಟ್ಟಂತೆ ಮಾಯೆಯೊಡ್ಡುತ್ತಾನೆ. ಸುದ್ದಿ ತಿಳಿದ ಮಂತ್ರಿಗಳಿಗೆ ಅದನ್ನು ದೊರೆಗೆ ಹೇಳುವ ಧೈರ್ಯವಿಲ್ಲ.

ಆಗ ಮಣಿಕೇತುವೇ ಮುದಿ ಬ್ರಾಹ್ಮಣನ ವೇಷದಲ್ಲಿ ಅರಮನೆಯ ಬಾಗಿಲಿಗೆ ಬರುತ್ತಾನೆ. ಇದ್ದ ಒಬ್ಬ ಮಗ ಸತ್ತ, ಷಟ್ಖಂಡದ ಒಡೆಯನಾದ ನೀನು ಅವನನ್ನು ಯಮನಿಂದ ಬಿಡಿಸಿಕೊಡು ಎಂದು ಗೋಳಿಡುತ್ತಾನೆ. ಸಗರ ಅವನನ್ನು ಸಂತೈಸುತ್ತಾನೆ. ಹುಟ್ಟಿದವರಿಗೆ ಸಾವು ತಪ್ಪದು. ಯಮನನ್ನು ಗೆದ್ದವರು ಸಿದ್ಧರು ಮಾತ್ರ. ಮಗನಿಗಾಗಿ ಅಳುವ ಬದಲು ನಿನ್ನ ಆತ್ಮದ ಹಿತವನ್ನು ನೋಡಿಕೋ ಎಂದು ಬೋಧಿಸುತ್ತಾನೆ. ಎಲ್ಲವೂ ನಿಜವಾದ ಮಾತು, ಶಾಸ್ತ್ರದ ಮಾತು. ಇನ್ನೊಬ್ಬರ ಮನೆಯ ಸಾವಿಗೆ ಹೋದಾಗ ಎಲ್ಲರೂ ಆಡುವ ಮಾತು. ಮುದುಕ ಕೇಳುತ್ತಾನೆ, ಇದು ನಿಜವೇ ತಾನೆ ಎಂದು. ನಿಜವೆನ್ನುತ್ತಾನೆ ದೊರೆ. ಹಾಗಿದ್ದರೆ ನಿನ್ನ ಮಕ್ಕಳು ಅಳಿದ ಸುದ್ದಿಯನ್ನೂ ಕೇಳು ಎಂದು ಮುದುಕ ಹೇಳುತ್ತಾನೆ. ಅನಿತ್ಯ ಭಾವನೆಯನ್ನು ಅಷ್ಟು ಚೆನ್ನಾಗಿ ವಿವರಿಸಿದ ಚಕ್ರವರ್ತಿ ನೆಲಕ್ಕೆ ಬೀಳುತ್ತಾನೆ.

ಬಾರಹ ಭಾವನೆಗಳನ್ನು ದಿನವೂ ಬಾಯಿಪಾಠ ಹೇಳುವ ಶ್ರಾವಕರು ನಿಂತು ಯೋಚಿಸಬೇಕಾದ ಎಡೆ ಇದು. ಅನಿತ್ಯ, ಅಶರಣ, ಸಂಸಾರ, ಏಕತ್ವ ಎಂದು ನಾಲಗೆ ಹೇಳುತ್ತಿರುವಾಗ ಅದು ಯಾರ ಮಗನನ್ನು ಕುರಿತದ್ದು? ಮೊದಲು ನೆಲಕ್ಕೆ ಬಿದ್ದು, ಆಮೇಲೆ ಎದ್ದ ಸಗರನಿಗೆ ತಾನೇ ಆಡಿದ ಮಾತು ಈಗ ಅರ್ಥವಾಯಿತು. ಭಗೀರಥನಿಗೆ ರಾಜ್ಯವನ್ನೊಪ್ಪಿಸಿ ದೀಕ್ಷೆ ವಹಿಸಿದ. ಕೆಲಸ ಮುಗಿದ ಮಣಿಕೇತು ಮಾಯೆಯನ್ನು ಹಿಂತೆಗೆದಾಗ 60,000 ಮಕ್ಕಳೂ ನಿದ್ದೆಯಿಂದೆದ್ದವರಂತೆ ಎದ್ದರು. ತಂದೆ ಹೊರಟ ದಾರಿಯನ್ನು ಕೇಳಿ ಅವರೂ ಅದೇ ದಾರಿ ಹಿಡಿದರು. ಬ್ರಾಹ್ಮಣ ಪುರಾಣಗಳ ಸಗರನ ಕಥೆಯಲ್ಲಿ ಸುಟ್ಟ ಮಕ್ಕಳ ಬೂದಿಗೆ ಗಂಗೆಯನ್ನು ತರಲು ತಲೆಮಾರುಗಳ ತಪಸ್ಸು ಬೇಕಾಗುತ್ತದೆ. ಜೈನ ಪುರಾಣದ ಕಥೆ ಬೇರೆ. ಗುಣಭದ್ರಾಚಾರ್ಯರ ಉತ್ತರಪುರಾಣದಿಂದ ಹರಿದುಬಂದ ಈ ಪರಂಪರೆಯಲ್ಲಿ ಸತ್ತದ್ದು ಮಕ್ಕಳಲ್ಲ, ಮೋಹ.

ಹೀಗೆ ಒಂದೇ ದುಃಖಕ್ಕೆ ರನ್ನ ಎರಡು ದಾರಿಗಳನ್ನು ತೋರಿದ. ಕುರುಕ್ಷೇತ್ರದ ತಂದೆಯ ಕಣ್ಣೀರು ರೌದ್ರಕ್ಕೆ ಇಳಿಯಿತು, ಅಯೋಧ್ಯೆಯ ತಂದೆಯ ಕಣ್ಣೀರು ಧರ್ಮಧ್ಯಾನಕ್ಕೆ ಏರಿತು. ಎರಡರಲ್ಲಿಯೂ ಕವಿ ಕಣ್ಣೀರನ್ನು ಅಲ್ಲಗಳೆಯಲಿಲ್ಲ. ಮಗನ ತಲೆ ಸವರಿದ ಕೈಯೇ ಆ ಪದ್ಯಗಳನ್ನು ಬರೆದದ್ದು.

ಆದರೆ ಈ ಎರಡು ದಾರಿಗಳೂ ಮನೆಯಿಂದ ಹೊರಗೆ ಹೋಗುತ್ತವೆ. ಒಂದು ರಣರಂಗಕ್ಕೆ, ಇನ್ನೊಂದು ತಪೋವನಕ್ಕೆ. ಮನೆಯಲ್ಲಿಯೇ ಉಳಿದವರ ಗತಿಯೇನು? ಅದಕ್ಕೆ ಉತ್ತರವಾಗಿ ರನ್ನನ ಕಣ್ಣೆದುರಿಗೆ ಒಬ್ಬಳು ಬಾಳುತ್ತಿದ್ದಳು. ಅಜಿತಪುರಾಣವನ್ನು ಬರೆಸಿದವಳೇ ಅವಳು. ಸಗರನ ಪ್ರಸಂಗವನ್ನು ಅವಳು ಕುಳಿತು ಕೇಳಿರಬೇಕು. ಪತಿಯ, ತಂಗಿಯ ನೆನಪಿಲ್ಲದೆ ಅದನ್ನು ಕೇಳಲು ಅವಳಿಂದಾಗುತ್ತಿರಲಿಲ್ಲ. ಸಗರನಂತೆ ಅವಳು ಒಮ್ಮೆಗೇ ಎಲ್ಲವನ್ನೂ ಬಿಟ್ಟು ಹೊರಡಲಿಲ್ಲ. ದಿನದಿನವೂ ಸ್ವಲ್ಪ ಸ್ವಲ್ಪವಾಗಿ ಬಿಟ್ಟಳು. ದೇವಪೂಜೆ, ಗುರುಸೇವೆ, ಸ್ವಾಧ್ಯಾಯ, ಸಂಯಮ, ತಪಸ್ಸು, ದಾನ ಎಂಬ ಗೃಹಸ್ಥರ ಆರು ನಿತ್ಯಕರ್ಮಗಳಲ್ಲಿ ಅವಳ ದುಃಖ ಕರಗಿ ಊರಿನವರ ಅನ್ನವಾಯಿತು, ಓದುವವರ ಓಲೆಯಾಯಿತು, ಬಸದಿಯ ಬಿಂಬವಾಯಿತು. ರನ್ನ ತೀರ್ಥಂಕರ ಚರಿತೆಯೊಳಗೆ ಆ ಗೃಹಸ್ಥೆಯ ಬಾಳನ್ನೂ ಸೇರಿಸಿ ಬರೆದ. ಅವಳ ಶುಭ್ರವಾದ ನಡತೆಯನ್ನು ಹೊಗಳುವಾಗ ಅವನ ಗರ್ವದ ದನಿ ತಾನಾಗಿಯೇ ಮೆತ್ತಗಾಗುತ್ತದೆ. ತನ್ನ ಮಗಳಿಗೆ ಆ ಹೆಸರನ್ನಿಟ್ಟಾಗ ಅವನು ಹಾರೈಸಿದ್ದು ಅವಳ ಸಿರಿಯನ್ನಾಗಿರಲಾರದು. ಬಳೆಗಾರರ ಮನೆಯ ಹೆಣ್ಣುಮಗುವಿಗೆ ಮಹಾಮಂತ್ರಿಯ ಸೊಸೆಯ ಐಶ್ವರ್ಯ ಬಾರದೆಂದು ಅವನಿಗೆ ಗೊತ್ತಿತ್ತು. ಬಾಳು ಏನನ್ನೇ ಕಿತ್ತುಕೊಂಡರೂ ಮನೆಯೊಳಗೇ ನಿಲ್ಲಬಲ್ಲ ಧೈರ್ಯವೇ ಅವನು ಮಗಳಿಗೆ ಬಯಸಿದ ಒಡವೆ.

ರಾಯ ಮತ್ತು ಅತ್ತಿಮಬ್ಬೆ ಎಂಬ ಆ ಇಬ್ಬರು ಮಕ್ಕಳು ತಂದೆಯ ಕಾವ್ಯದಲ್ಲಿ ಹೆಸರಾಗಿ ಉಳಿದಿದ್ದಾರೆ. ಅವರ ಹೆಸರಿಗೆ ಮೂಲವಾದವರು ಕಲ್ಲಿನಲ್ಲಿಯೂ ಉಳಿದರು. ಚಾವುಂಡರಾಯನ ಸ್ವಂತ ಮಗ ಜಿನದೇವಣನು ಬೆಳಗೊಳದ ಚಿಕ್ಕಬೆಟ್ಟದಲ್ಲಿ ಒಂದು ಜಿನಬಿಂಬವನ್ನು ಪ್ರತಿಷ್ಠಿಸಿ ತಂದೆಯ ಧರ್ಮವನ್ನು ಮುಂದುವರಿಸಿದ. ಅತ್ತಿಮಬ್ಬೆ ಲಕ್ಕುಂಡಿಯಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದಳು. 1007ರ ಅಲ್ಲಿಯ ಶಾಸನದಲ್ಲಿ ರನ್ನನ ಎರಡು ಕಾವ್ಯಗಳ ಆಶ್ರಯದಾತರೂ ಒಂದೇ ಕಲ್ಲಿನ ಮೇಲೆ ಸೇರಿದ್ದಾರೆ: ಆಳುತ್ತಿದ್ದ ದೊರೆ ಇರಿವಬೆಡಂಗ ಸತ್ಯಾಶ್ರಯ, ದಾನ ಕೊಟ್ಟವಳು ಅತ್ತಿಮಬ್ಬೆ. ತಂದೆಯಿಲ್ಲದೆ ಅವಳು ಬೆಳೆಸಿದ ಮಗ ಅಷ್ಟು ಹೊತ್ತಿಗೆ ಪಡೆವಳ ತೈಲನೆಂಬ ಹೆಸರಿನಿಂದ ನಾಡನ್ನಾಳುವ ಅಧಿಕಾರದಲ್ಲಿದ್ದ.